ಏಪ್ರಿಲ್ ಒಂದನ್ನು ಆರಿಸಿಕೊಂಡ ಅಳಿಯನಿಗೆ

ಬ್ಯಾಡಗಿ
೧೯ ಮಾರ್ಚ್ ೨೦೦೬, ರವಿವಾರ

ಪ್ರೀತಿಯ ಅಳಿಯ ಚೇತನಕುಮಾರನಿಗೆ ದುರ್ಗೇಶ ಮಾಮನ ಆಶೀರ್ವಾದಗಳು.

ಚೇತ್ಯಾ, ಮೈಗೆ ಆರಾಮ ಇದೆಯಾ? ವಾಸ್ಕೋದಲ್ಲಿ ಸೆಕೆ ಶುರುವಾಗಿರಬೇಕು. ಸಮುದ್ರದ ಗಾಳಿಗೆ ನಿನ್ನ ಕುತ್ತಿಗೆ ತುಂಬ ಬೆವರುಸಾಲೆ ಏಳುತ್ತದೆಂದು ನಿನ್ನ ಅಜ್ಜಿ ಶಿವರಾತ್ರಿ ಮುಗಿದ ಮರುದಿನದಿಂದಲೇ ಚಿಂತೆ ಹಚ್ಚಿಕೊಳ್ಳುತ್ತಿದ್ದಳು. ಈಗ ಆ ಕೆಲಸವೂ ನನ್ನ ಪಾಲಿಗೆ ಬಂದಿದೆ. ಸಂಜೆ ಆಡಿ ಬಂದ ಮೇಲೆ ತಣ್ಣೀರಿನಲ್ಲಿ ಮೈ ತೊಳೆದುಕೋ, ಸೋಮಾರಿತನ ಮಾಡಬೇಡ. ನಿನ್ನ ಅಪ್ಪನ ಬೆನ್ನುನೋವು ಹೇಗಿದೆ? ಗಾರೆ ಕೆಲಸದವರಿಗೆ ಬೆನ್ನೇ ಬಂಡವಾಳ, ಭಾರ ಎತ್ತಬೇಡಿರೆಂದು ನಾನು ಹೇಳಿದೆನೆಂದು ಹೇಳು. ಬೇಡ, ನಾನು ಹೇಳಿದೆನೆಂದು ಹೇಳಬೇಡ. ನೀನೇ ಹೇಳು. ನಿನ್ನ ಅವ್ವ ಹೇಗಿದ್ದಾಳೆಂದು ಕೇಳಲು ಪೆನ್ನು ಎತ್ತಿದೆ, ಕೇಳಲಾಗಲಿಲ್ಲ.

ಇಲ್ಲಿ ಮೆಣಸಿನಕಾಯಿ ಸುಗ್ಗಿ. ಊರಿಗೆ ಊರೇ ಕೆಮ್ಮುತ್ತಿದೆ. ನಿನ್ನ ಅಜ್ಜ ಪೇಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹರಿದ ಚೀಲ ಹೊಲಿಯುತ್ತಾನೆ, ಮನೆಗೆ ಬಂದರೆ ಗೋಡೆಗೆ ಒರಗಿ ಕೂಡುತ್ತಾನೆ. ಆರೋಗ್ಯವಾಗಿದ್ದಾನೆ. ರೊಟ್ಟಿ ನಾನೇ ಬಡಿಯುತ್ತೇನೆ, ಅವು ಗೋವಾದ ನಕಾಶೆಯ ಆಕಾರಕ್ಕೆ ಬರುತ್ತವೆ. ಹೋದ ವರ್ಷದಿಂದ ಈಚೆಗೆ ನಾನು ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಇದ್ದೆ, ಬಿಟ್ಟೆ. ಹಾವೇರಿಯ ಒಂದು ಖಾನಾವಳಿಯಲ್ಲಿ ಇದ್ದೆ, ಅದನ್ನೂ ಬಿಟ್ಟೆ. ಹಳಸಿದ ಪಲ್ಯವನ್ನು ಇವತ್ತಿನದು ಎಂದು ಹೇಳು ಅಂದರು, ನನ್ನ ಬಾಯಿಂದ ಬರಲಿಲ್ಲ. ಒಂಬತ್ತನೆಯ ಇಯತ್ತೆ ಬಿಟ್ಟದ್ದೂ ಹೀಗೆಯೇ ಎಂದು ನಿನಗೆ ಗೊತ್ತಲ್ಲ. ಸಾಲೆಯ ತಪಾಸಣೆಗೆ ಸಾಹೇಬರು ಬಂದು ಪಾಠ ಮುಗಿದಿದೆಯಾ ಎಂದಾಗ ಇಡೀ ವರ್ಗ ಹೌದು ಅಂದಿತು, ನಾನೊಬ್ಬ ಎದ್ದು ಇನ್ನೂ ಅರ್ಧ ಐತ್ರಿ ಅಂದೆ. ಮಾಸ್ತರರು ಮಾಫಿ ಕೇಳು ಅಂದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ. ನೀನು ಹಾಗೆ ಮಾಡಬೇಡ, ಕಲಿ.

ನಿನ್ನ ಕಾರ್ಡು ಮುಟ್ಟಿತು. ನಿಮಗೆ ಕಲಿಸುವ ಬಾಯಿಯವರು ವರ್ಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಾರೀಖು ಆರಿಸಿಕೊಳ್ಳಲು ಹೇಳಿದ್ದು, ಆ ದಿನ ನಡೆದ ದೊಡ್ಡ ಸಂಗತಿಗಳು, ಹುಟ್ಟಿದ ದೊಡ್ಡವರು, ಇವನ್ನೆಲ್ಲ ಅದೇ ದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ನಿಂತು ಹೇಳಬೇಕೆಂದದ್ದು, ಎಲ್ಲ ತಿಳಿಯಿತು. ನೀನು ಏಪ್ರಿಲ್ ಒಂದನ್ನು ಆರಿಸಿಕೊಂಡಿದ್ದೀ. ನಮ್ಮ ಜಿಲ್ಲೆಯ ಸಂಗತಿ ಬರೆದು ಕಳಿಸು, ಉತ್ತರ ಮನೆಗೆ ಬೇಡ, ಸಾಲೆಯ ವಿಳಾಸಕ್ಕೆ ಹಾಕು ಎಂದಿದ್ದೀ. ಹಾಗೇ ಹಾಕುತ್ತೇನೆ. ವರ್ಷದಲ್ಲಿ ಅಷ್ಟೊಂದು ತಾರೀಖುಗಳಿವೆ. ಹುಡುಗರೆಲ್ಲ ಗಾಂಧೀ ಜಯಂತಿಗೋ ನೆಹರೂ ಜಯಂತಿಗೋ ಕಿತ್ತಾಡಿರಬೇಕು. ನೀನು ಯಾಕೆ ಇದನ್ನೇ ಹಿಡಿದೆ ಎಂದು ನನಗೆ ಗೊತ್ತು. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಸಾಲೆಯ ಕೆಲಸ.

ಹಾವೇರಿಗೆ ಹೋಗಿ ಗ್ರಂಥಾಲಯದಲ್ಲಿ ಕೂತು ನೋಡಿದೆ. ಅಲ್ಲಿಯ ಸಿಪಾಯಿ, “ಏನೋ ದುರ್ಗೇಶಾ, ಸಾಲಿ ಬಿಟ್ಟ ಮ್ಯಾಲೆ ಓದಾಕ ಹತ್ತೀಯಲ್ಲೋ,” ಎಂದು ನಕ್ಕ. ನಗಲಿ. ಬರೆದುಕೋ. ೧೯೪೩ನೆಯ ಇಸವಿ ಏಪ್ರಿಲ್ ಒಂದರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಅವರ ಊರು ಮೋಟೆಬೆನ್ನೂರು, ನಮ್ಮ ಮನೆಯಿಂದ ಸೈಕಲ್ ಮೇಲೆ ಹೋಗಿಬರುವಷ್ಟು ದೂರ. ಗಾಂಧೀಜಿಯವರ ಸಂಗಡ ಉಪ್ಪಿನ ಸತ್ಯಾಗ್ರಹಕ್ಕೆ ದಂಡಿಯವರೆಗೆ ನಡೆದುಹೋದ ಕನ್ನಡಿಗ. ಬ್ರಿಟಿಷ್ ಸರಕಾರ ರೈತರಿಂದ ವಸೂಲು ಮಾಡಿದ ಕಂದಾಯವನ್ನು ಹೊಸರಿತ್ತಿಯ ವೀರಭದ್ರನ ಗುಡಿಯಲ್ಲಿ ಕಾವಲು ಹಾಕಿ ಇಟ್ಟಿತ್ತು. ಅದನ್ನು ವಶ ಮಾಡಿಕೊಳ್ಳಲು ಹೋದಾಗ ಗುಂಡು ಹಾರಿತು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರೂ ಸತ್ತರು. ಈ ಇಬ್ಬರ ಹೆಸರನ್ನು ಮಂದಿ ಮರೆಯುತ್ತಾರೆ, ನೀನು ಗಟ್ಟಿಯಾಗಿ ಹೇಳು. ಇನ್ನು ಅದೇ ತಾರೀಖಿಗೆ ಸಿದ್ಧಗಂಗೆಯ ಸ್ವಾಮಿಗಳು ಹುಟ್ಟಿದ್ದು. ಎಷ್ಟು ಸಾವಿರ ಹುಡುಗರಿಗೆ ಅನ್ನ ಹಾಕಿ ಅಕ್ಷರ ಕಲಿಸುತ್ತಿದ್ದಾರೆ ನೋಡು. ನಮ್ಮ ಓಣಿಯಿಂದಲೂ ಒಬ್ಬ ಅಲ್ಲಿ ಹೋಗಿ ಕಲಿತು ಬಂದಿದ್ದಾನೆ. ೧೯೩೫ರಲ್ಲಿ ರಿಸರ್ವ್ ಬ್ಯಾಂಕು ಶುರುವಾದದ್ದೂ ಅವತ್ತೇ. ಕಡೆಗೆ ಒಬ್ಬರಿಗೊಬ್ಬರು ಮೋಸ ಮಾಡಿ ನಗುವ ದಿನ ಎಂದೂ ಹೇಳು, ಇಲ್ಲದಿದ್ದರೆ ಹುಡುಗರು ಕೇಳಿಸಿಕೊಳ್ಳುವುದಿಲ್ಲ. ಸಾಲೆಗೆ ಇಷ್ಟು ಸಾಕು. ಇನ್ನು ಬರೆಯುವುದು ನಿನಗೆ ಮಾತ್ರ.

ಅದೇ ಹೊಸರಿತ್ತಿಯಲ್ಲಿ, ಅದೇ ದಿನ, ಗುಡಿಯಿಂದ ನಾಲ್ಕು ಓಣಿ ಆಚೆ ನಿನ್ನ ಅಜ್ಜಿ ಪ್ರೇಮವ್ವ ಹುಟ್ಟಿದಳು. ಆ ಕಾಲದ ನಮ್ಮ ಮನೆಗಳಲ್ಲಿ ತಾರೀಖು ಬರೆದಿಡುತ್ತಿರಲಿಲ್ಲ. ದೊಡ್ಡ ಮಳೆಯ ವರ್ಷ ಹುಟ್ಟಿದ, ಪ್ಲೇಗಿನ ತಿಂಗಳು ಹುಟ್ಟಿದಳು, ಹೀಗೆ ಹೇಳುತ್ತಿದ್ದರು. ಅಜ್ಜಿಗೆ ಅವರವ್ವ ಹೇಳಿದ್ದು, “ಗುಡಿಯಾಗ ಗುಂಡು ಹಾರಿದ ದಿನ ನೀ ಹುಟ್ಟೀದಿ.” ಹಾಗಾಗಿ ನಮ್ಮ ಇಡೀ ಓಣಿಯಲ್ಲಿ ತನ್ನ ಹುಟ್ಟಿದ ತಾರೀಖು ಸರಿಯಾಗಿ ಗೊತ್ತಿದ್ದ ಮುದುಕಿ ಅವಳೊಬ್ಬಳೇ. ಅವಳು ಹುಟ್ಟಿದ್ದಕ್ಕೆ ಸಕ್ಕರೆ ಹಂಚಲಿಲ್ಲವಂತೆ. ಊರಲ್ಲಿ ಮೂರು ಹೆಣ ಬಿದ್ದಿರುವಾಗ ಬಾಯಿ ಸಿಹಿ ಮಾಡಿಕೊಳ್ಳುವವರು ಯಾರು? ಗಂಡಸರೆಲ್ಲ ಪೊಲೀಸರಿಗೆ ಹೆದರಿ ಹೊಲ ಸೇರಿದ್ದರು. ತೊಟ್ಟಿಲಿಗೆ ಹಾಕುವ ದಿನವೂ ಕದ ಮುಚ್ಚಿಕೊಂಡೇ ಹಾಕಿದರಂತೆ. “ನಾ ಬಂದಿದ್ದಕ್ಕ ಊರಾಗ ಒಬ್ಬರೂ ನಕ್ಕಿಲ್ಲಲೇ,” ಎಂದು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಹೇಳುವಾಗ ತಾನು ಮಾತ್ರ ನಗುತ್ತಿದ್ದಳು.

ನೀನು ಎರಡನೆಯ ಇಯತ್ತೆಯಲ್ಲಿದ್ದಾಗ ಸಾಲೆಯ ಸೂಟಿಗೆ ಊರಿಗೆ ಬಂದು, ಏಪ್ರಿಲ್ ಒಂದಕ್ಕೆ ಸುಳ್ಳು ಹೇಳಿ ಮಂದಿಯನ್ನು ನಗಿಸುತ್ತಾರೆ ಅಜ್ಜಿ ಎಂದು ಹೇಳಿಕೊಟ್ಟೆಯಲ್ಲ, ಅವಳಿಗೆ ತನ್ನ ಹುಟ್ಟಿದ ದಿನಕ್ಕೆ ಮೊದಲ ಸಲ ಒಂದು ಹಬ್ಬ ಸಿಕ್ಕಂತಾಯಿತು. ಅಲ್ಲಿಂದ ಮುಂದೆ ಯಾರನ್ನೂ ಬಿಡಲಿಲ್ಲ. ಬಾಜೂಮನೆ ಮಂಗಳವ್ವನಿಗೆ ನಿನ್ನ ಎಮ್ಮೆ ಸ್ಟೇಷನ್ನಿನ ಹತ್ತಿರ ನಿಂತೈತಿ ಎಂದು ಓಡಿಸಿದಳು. ಅಜ್ಜನ ಚೀಲ ಹೊಲಿಯುವ ದಬ್ಬಳವನ್ನು ಅವನ ತಲೆಯ ರುಮಾಲಿಗೇ ಚುಚ್ಚಿಟ್ಟು ದಿನವಿಡೀ ಹುಡುಕಿಸಿದಳು. ನನ್ನನ್ನು ಜೊತೆಗೆ ಕರೆದರೆ ನಾನು ಹೋಗುತ್ತಿರಲಿಲ್ಲ. “ಇವನೊಬ್ಬ ಹರಿಶ್ಚಂದ್ರ, ನನ್ನ ಹೊಟ್ಟ್ಯಾಗ ಎಲ್ಲಿಂದ ಬಂದಾನೋ,” ಎಂದು ಬೈಯುತ್ತಿದ್ದಳು.

ಎರಡು ವರ್ಷದ ಹಿಂದಿನ ಏಪ್ರಿಲ್ ಒಂದು ನಿನಗೆ ನೆನಪಿದ್ದೇ ಇರುತ್ತದೆ. ಮಲ್ಲಿಕಸಾಬರ ಎಸ್‌ಟಿಡಿ ಬೂತಿಗೆ ನನ್ನನ್ನು ಎಳೆದುಕೊಂಡು ಹೋಗಿ, ನಿಮ್ಮ ಪಕ್ಕದ ಮನೆಯ ನಂಬರು ಹಚ್ಚಿಸಿ, ಸೆರಗನ್ನು ಬಾಯಿಗೆ ಹಿಡಿದು ದನಿ ಬದಲಿಸಿ, “ನಾನಪೋ ಮಂಗಳವ್ವ. ನಿನ್ನ ಅಜ್ಜಿ ಹೋಗಿಬಿಟ್ಟಳಪೋ,” ಅಂದಳು. ನೀನು ಚೀರಿದ ಚೀರಾಟ ಬೂತಿನ ಹೊರಗೆ ನಿಂತಿದ್ದ ನನಗೆ ಕೇಳಿತು. ಅವಳ ಮುಖ ಬಿಳಿಚಿಹೋಯಿತು. “ಇಲ್ಲೋ ನನ್ನಪ್ಪಾ, ನಾನ ಅದೇನಿ, ಸತ್ತಾಕಿನ ಮಾತಾಡಾಕತ್ತೇನಿ ನೋಡು,” ಎಂದು ಗಾಬರಿಯಿಂದ ನಕ್ಕಳು, ಅತ್ತಳು, ಆಮೇಲೆ ನೀನೂ ನಕ್ಕೆ. ಫೋನ್ ಇಡುವ ಮೊದಲು ಅವಳು ನಿನಗೆ ಹೇಳಿದ್ದು ನನಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. “ಮುಂದಿನ ವರ್ಷ ಯಾರರೆ ಹಿಂಗಂದ್ರ ನಂಬಬ್ಯಾಡ. ಬಿದ್ದು ಬಿದ್ದು ನಕ್ಕು ಫೋನ್ ಇಟ್ಟುಬಿಡು. ನನ್ನಾಣಿ ಐತಿ.”

ಹೋದ ವರ್ಷ ಅವತ್ತು ಬೆಳಗ್ಗೆ ಅಜ್ಜನ ಚಹಾಕ್ಕೆ ಉಪ್ಪು ಹಾಕಿದಳು. ಅವನು ಉಗುಳಿದ್ದನ್ನು ನೋಡಿ ಮಂಗಳವ್ವನನ್ನು ಕರೆದು ತೋರಿಸಿ ನಕ್ಕಳು. ಮಧ್ಯಾಹ್ನ ಉಂಡೆದ್ದವಳು ಎದೆ ಹಿಡಿದುಕೊಂಡು ಅಂಗಳದ ಚಾಪೆಯ ಮೇಲೆ ಒರಗಿದಳು. ನಿನ್ನ ಅಜ್ಜ ಏನಂದ ಗೊತ್ತೇನು? “ಸಾಕ ಏಳ ಪ್ರೇಮವ್ವ, ಮುಂಜಾನಿಂದ ಒಂದ ಆತಲ್ಲ.” ನಾನು ಓಡಿ ಮಂಗಳವ್ವನನ್ನು ಕರೆದೆ. “ನಿಮ್ಮವ್ವನ ಆಟ ನನಗ ಗೊತ್ತಿಲ್ಲನು? ಈ ಸಲ ನಿನ್ನೂ ಕೂಡಿಸಿಕೊಂಡಾಳ,” ಎಂದು ಅವಳು ಹಿಟ್ಟು ಸೋಸುತ್ತ ಕೂತೇ ಇದ್ದಳು. ಡಾಕ್ಟರು ಬಂದು ನೋಡಿ ತಲೆ ಅಲ್ಲಾಡಿಸುವವರೆಗೆ ಅಜ್ಜ ಆ ಚಾಪೆಯ ಬದಿಗೆ ಕೂತು ಅವಳು ಕಣ್ಣು ತೆರೆಯುವುದನ್ನು ಕಾಯುತ್ತಿದ್ದ. ಬೂತಿಗೆ ಓಡಿದರೆ ಮಲ್ಲಿಕಸಾಬರು ನನ್ನ ಮುಖ ನೋಡಿಯೂ, “ಹೋದ ವರ್ಷಾನೂ ಇದ ಫೋನ್ ಹಚ್ಚಿದ್ರೆಲ್ಲಪಾ,” ಅಂದರು. ಹೀಗೆ ಅವತ್ತು ಯಾರೂ ನಂಬಲಿಲ್ಲ. ಇದನ್ನು ಎರಡು ಸಲ ಓದು, ಚೇತ್ಯಾ. ಅವಳ ಗಂಡ ನಂಬಲಿಲ್ಲ, ಅವಳ ಗೆಳತಿ ನಂಬಲಿಲ್ಲ, ತಲೆ ನೆರೆತ ಬೂತಿನವರು ನಂಬಲಿಲ್ಲ. ಇಷ್ಟು ಮಂದಿ ದೊಡ್ಡವರು ನಂಬದೆ ಹೋದ ಮೇಲೆ ನಿನ್ನ ಪಾಳಿ ಬಂತು. ನೀನು ಪಕ್ಕದ ಮನೆಯಲ್ಲಿ ಟಿವಿ ನೋಡುತ್ತಿದ್ದೆ. ಆ ಮನೆಯ ಮುದುಕಿಗೆ ಕಿವಿ ಕೇಳದೆಂದು ನೀನೇ ಫೋನ್ ಎತ್ತಿದೆ. “ಅಜ್ಜಿ ಹೋದಳಲೇ, ಲಗೂ ಅವ್ವನ್ನ ಕರಿ,” ಎಂದು ನಾನಂದೆ. ನೀನು ಬಿದ್ದು ಬಿದ್ದು ನಕ್ಕೆ. “ಏಪ್ರಿಲ್ ಫೂಲ್, ಮಾಮಾ! ಅಜ್ಜಿ ಮೊದಲ ಹೇಳ್ಯಾಳ,” ಎಂದು ಇಟ್ಟೆ. ನಾನು ಮತ್ತೆ ಹಚ್ಚಿದೆ, ನೀನು ಮತ್ತೆ ನಕ್ಕು ಇಟ್ಟೆ. ಆಮೇಲೆ ಎಷ್ಟು ಸಲ ಹಚ್ಚಿದರೂ ಎಂಗೇಜ್ ಬಂತು. ನೀನು ರಿಸೀವರನ್ನು ಕೆಳಗೆ ಬಿಟ್ಟು ಆಡಲು ಓಡಿರಬೇಕು. ನಿಮ್ಮನ್ನು ಮುಟ್ಟಲು ನನಗೆ ಬೇರೆ ನಂಬರು ಇರಲಿಲ್ಲ.

ಆದರೂ ನನಗೊಂದು ಧೈರ್ಯವಿತ್ತು. ಸಂಜೆ ಅವ್ವ ಕೆಲಸದಿಂದ ಬಂದಾಗ, ಮಾಮಾ ನನ್ನನ್ನು ಫೂಲ್ ಮಾಡಲು ನೋಡಿದ ಎಂದು ನೀನು ನಗುತ್ತಲಾದರೂ ಹೇಳುತ್ತೀ, ನಾನು ಸುಳ್ಳು ಹೇಳುವುದಿಲ್ಲವೆಂದು ನನ್ನ ಅಕ್ಕನಿಗೆ ಗೊತ್ತು, ಒಂದು ಕ್ಷಣದಲ್ಲಿ ಅವಳಿಗೆ ತಿಳಿಯುತ್ತದೆ ಎಂದುಕೊಂಡೆ. “ಸುರೇಖಾಗ ಹೇಳೀಯೇನು?” ಎಂದು ಅಜ್ಜ ಕೇಳಿದಾಗ, ಫೋನ್ ಹಚ್ಚೇನಿ, ಹೇಳೇನಿ ಎಂದೆ. ಅದು ಖರೇ. ನೀನು ಆಟದಲ್ಲಿ ಮರೆತೆ. ನಿನ್ನ ವಯಸ್ಸಿನಲ್ಲಿ ನಾನೂ ಮರೆಯುತ್ತಿದ್ದೆ. ಇಡೀ ರಾತ್ರಿ ದೀಪ ಹಚ್ಚಿ ಕಾದೆವು. ಮರುದಿನ ಬೆಳಗಿನ ಗಾಡಿಗೂ ನೀವು ಬರಲಿಲ್ಲ, ಬಿಸಿಲೇರಿದ ಮೇಲೆ ಹಿರಿಯರು ಇನ್ನು ಇಡಲಾಗದು ಎಂದರು. ಮಣ್ಣು ಕೊಡುವಾಗ ನಿನ್ನ ಅಜ್ಜ, “ಹೆಣ್ಣುಮಗಳು ಬರ್ತಾಳ, ಸ್ವಲ್ಪ ತಡೀರಿ, ಸ್ವಲ್ಪ,” ಎನ್ನುತ್ತ ಎಲ್ಲರ ಕೈ ಹಿಡಿಯುತ್ತಿದ್ದ.

ಊರಿನಿಂದ ಕೆಲಸಕ್ಕೆ ವಾಸ್ಕೋಗೆ ಬಂದ ಯಾರೋ ಬಾಯಿಮಾತಿನಲ್ಲಿ ಹೇಳಿ ನಿಮಗೆ ಗೊತ್ತಾಯಿತು. ನೀವು ಬರುವಷ್ಟರಲ್ಲಿ ಗೋರಿಯ ಮೇಲಿನ ಹೂವು ಒಣಗಿದ್ದವು. ನನ್ನ ಅಕ್ಕ ಅಂಗಳದಲ್ಲಿ ನಿಂತು, “ಒಂದು ಫೋನ್ ಹಚ್ಚಾಕ ಆಗಲಿಲ್ಲಲ್ಲ ನಿಮಗ? ಬಾಜೂಮನಿಯಾಕೀನ್ನ ಕೇಳೇ ಬಂದೇನಿ, ಯಾರದೂ ಫೋನ್ ಬಂದಿಲ್ಲಂತ,” ಎಂದಳು. ಕಿವಿ ಕೇಳದ ಮುದುಕಿಗೆ ಏನು ಗೊತ್ತು ಪಾಪ. ಅಜ್ಜ ನನ್ನ ಕಡೆ ತಿರುಗಿದ. ನಾನು ನಿನ್ನ ಕಡೆ ನೋಡಿದೆ. ನೀನು ಅವ್ವನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಅವಳ ಕೈ ಎಷ್ಟು ಬೇಗ ಮೇಲೇಳುತ್ತದೆಂದು ನನಗೆ ಗೊತ್ತು, ಅಂಥ ದುಃಖದಲ್ಲಿ ಇನ್ನೂ ಬೇಗ ಎದ್ದೀತು. ಪೆಟ್ಟಿಗಿಂತ ಹೆಚ್ಚಾಗಿ ನಾನು ಹೆದರಿದ್ದು, ನಿನ್ನಿಂದ ನಮ್ಮವ್ವನ ಮುಖ ನೋಡಲಿಲ್ಲ ಎಂದು ಅವಳು ಜೀವನವಿಡೀ ನಿನಗೆ ಅಂದಾಳು ಎಂದು. ನಾನು ಬಾಯಿ ಬಿಡಲಿಲ್ಲ. “ನಮ್ಮವ್ವ ಹೋದ ಮ್ಯಾಲೆ ಈ ಹೊಸ್ತಿಲಾ ನನಗ ಮುಗೀತು,” ಎಂದು ಅವಳು ಅವತ್ತೇ ನಿನ್ನನ್ನು ಎಳೆದುಕೊಂಡು ಹೊರಟುಹೋದಳು. ಅಜ್ಜ ನನಗೆ ಒಂದೇ ಮಾತು ಹೇಳಿದ. “ಸಾಲಿ ಬಿಟ್ಟಿ, ಹತ್ತು ಕಡೆ ಕೆಲಸ ಬಿಟ್ಟಿ, ಖರೇ ಮಾತಾಡ್ತಾನ ಅನ್ನೂದೊಂದು ಇತ್ತು, ಅದನ್ನೂ ಬಿಟ್ಟಿ.” ಅವನ ಲೆಕ್ಕದಲ್ಲಿ ನಾನು ಫೋನ್ ಹಚ್ಚದೆಯೇ ಹಚ್ಚಿದೆ ಎಂದವನು. ಅಂದಿನಿಂದ ಅವನು ನನ್ನ ಹತ್ತಿರ ಮಾತಾಡಿಲ್ಲ. ರೊಟ್ಟಿ ಬೇಕಾದರೆ ತಾಟನ್ನು ನೆಲಕ್ಕೆ ಕುಟ್ಟುತ್ತಾನೆ. ಪೇಟೆಯಲ್ಲಿ ಹಮಾಲರು ನನ್ನನ್ನು ಏಪ್ರಿಲ್ ಫೂಲ್ ಎಂದೇ ಕರೆಯುತ್ತಾರೆ. “ನಾ ನಿಮ್ಮಪ್ಪಗ ಹೇಳ್ತೇನೋ, ನನ್ನ ಕಣ್ಣ ಮುಂದ ಫೋನ್ ಹಚ್ಚೀದಿ,” ಎಂದು ಮಲ್ಲಿಕಸಾಬರು ಎಷ್ಟು ಸಲ ಹೊರಟರೋ. ನಾನೇ ಕೈ ಹಿಡಿದು ನಿಲ್ಲಿಸಿದೆ. ಅವರು ಹೇಳಿದರೆ, ಹಾಗಾದರೆ ಅತ್ತ ಕಡೆ ಫೋನ್ ಎತ್ತಿದವರು ಯಾರು ಎಂಬ ಮಾತು ಬರುತ್ತದೆ.

ಇದು ನನಗೆ ಸುಲಭವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಲಭವಾಗಿಲ್ಲ. ಅಪ್ಪ ಮಗನ ಹತ್ತಿರ ಮಾತಾಡದ ಮನೆಯಲ್ಲಿ ಗಡಿಯಾರದ ಸಪ್ಪಳ ಬಹಳ ಜೋರಾಗಿ ಕೇಳುತ್ತದೆ. ಆದರೆ ನಿನ್ನ ಕಾರ್ಡು ನೋಡಿದ ಮೇಲೆ ನನ್ನದು ಹಗುರವೆನಿಸಿತು. ನನಗೆ ಮಲ್ಲಿಕಸಾಬರಾದರೂ ಇದ್ದಾರೆ. ನೀನು ಒಬ್ಬನೇ ಹೊತ್ತುಕೊಂಡು, ಯಾರಿಗೆ ಹೇಳಬೇಕೆಂದು ತಿಳಿಯದೆ, ಇಡೀ ವರ್ಷದಲ್ಲಿ ಆ ಒಂದು ತಾರೀಖನ್ನೇ ಆರಿಸಿಕೊಂಡು ಸಾಲೆಯ ಮುಂದೆ ನಿಲ್ಲಲು ಹೊರಟಿದ್ದೀ. ಅದಕ್ಕೇ ಇಷ್ಟು ಬರೆದೆ. ನೀನು ತಪ್ಪು ಮಾಡಲಿಲ್ಲ, ಅಜ್ಜಿ ಆಣೆ ಹಾಕಿ ಹೇಳಿದ ಮಾತನ್ನು ನಡೆಸಿದೆ. ಅವಳು ಹೋದ ದಿನ ಎಲ್ಲೋ ದೂರದಲ್ಲಿ ಒಬ್ಬ ನಕ್ಕ. ಅವಳಿಗೆ ಅದು ಬೇಕಾಗಿತ್ತೋ ಏನೋ, ನನಗೆ ತಿಳಿಯದು. ನನಗಂತೂ ನಿನ್ನ ಮೇಲೆ ಸಿಟ್ಟಿಲ್ಲ, ಅವತ್ತೂ ಇರಲಿಲ್ಲ. ನಾನು ಸುಳ್ಳು ಬರೆಯುವುದಿಲ್ಲವೆಂದು ನಿನಗೆ ಗೊತ್ತಿದೆಯಲ್ಲ.

ಈ ಸಲ ಯುಗಾದಿಗೆ ನಮ್ಮಲ್ಲಿ ಬೇವು-ಬೆಲ್ಲವಿಲ್ಲ, ಅಜ್ಜಿಯ ವರ್ಷದ ಎಡೆ ಆಗುವವರೆಗೆ ಹಬ್ಬ ಮಾಡುವಂತಿಲ್ಲ. ಏಪ್ರಿಲ್ ಎರಡು, ರವಿವಾರ ಹಿರಿಯರು ಎಡೆ ಇಟ್ಟುಕೊಂಡಿದ್ದಾರೆ. ಹೆಣ್ಣುಮಗಳು ಬರಬೇಕು, ಅವಳನ್ನು ತವರಿನವರು ಹೋಗಿ ಕರೆಯಬೇಕು. ಅಜ್ಜ ಹೋಗುವುದಿಲ್ಲ ಎಂದಿದ್ದಾನೆ, ನನಗಲ್ಲ, ಗೋಡೆಗೆ.

ಚೆನ್ನಾಗಿ ಓದು. ಭಾಷಣವನ್ನು ಬಾಯಿಪಾಠ ಮಾಡಬೇಡ, ತಿಳಿದುಕೊಂಡು ಹೇಳು. ನಿನ್ನ ಅಪ್ಪನಿಗೆ ನಮಸ್ಕಾರ. ನಿನಗೆ ನಿನ್ನ ಅಜ್ಜಿಯ ಪಾಲಿನದೂ ಸೇರಿಸಿ ಎರಡು ಮುದ್ದು.

ಇಂತಿ ನಿನ್ನ ಮಾಮ,
ದುರ್ಗೇಶ ಅಂಜಿನಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು, ಲಗುಬಗೆಯಲ್ಲಿ ಬರೆಯುತ್ತಿದ್ದೇನೆ. ಅಕ್ಕನನ್ನು ಕರೆಯಲು ನಾನೇ ಹೊರಟಿದ್ದೇನೆ. ಏಪ್ರಿಲ್ ಒಂದರ ಬೆಳಗಿನ ಗಾಡಿಗೆ ವಾಸ್ಕೋದಲ್ಲಿ ಇಳಿದು ನೇರ ನಿನ್ನ ಸಾಲೆಗೆ ಬರುತ್ತೇನೆ, ನೀನು ಮಾತಾಡುವಾಗ ಕಂಪೌಂಡಿನ ಹೊರಗೆ ನಿಂತಿರುತ್ತೇನೆ. ಮನೆಗೆ ಬಂದರೆ ಅಕ್ಕ ಫೋನಿನ ಮಾತು ಎತ್ತದೆ ಇರುವುದಿಲ್ಲ, ಯಾರು ಎತ್ತಿದರು ಎಂದು ನೆಟ್ಟಗೆ ಕೇಳಿದರೆ ನನ್ನಿಂದ ಸುಳ್ಳು ಹೇಳಲಾಗುವುದಿಲ್ಲ. ಅದಕ್ಕೆ ಇದನ್ನು ನಿನಗೆ ಬಿಟ್ಟಿದ್ದೇನೆ. ಸಾಲೆ ಬಿಟ್ಟ ಮೇಲೆ ನೀನು ನನ್ನ ಹತ್ತಿರ ಬಂದರೆ ಇಬ್ಬರೂ ಕೂಡಿಯೇ ಮನೆಗೆ ಹೋಗೋಣ, ಕೂಡಿಯೇ ಹೇಳೋಣ, ಅವಳು ಕೈ ಎತ್ತಿದರೆ ಮೊದಲು ನಾನು ನಿಲ್ಲುತ್ತೇನೆ. ನಿನಗೆ ಹೆದರಿಕೆಯಾದರೆ ನನ್ನ ಕಡೆ ನೋಡದೆ ಗೆಳೆಯರ ಸಂಗಡ ಹೋಗಿಬಿಡು. ನಾನು ಕರೆಯುವುದಿಲ್ಲ. ಬಂದ ದಾರಿಯಲ್ಲೇ ಸ್ಟೇಷನ್ನಿಗೆ ತಿರುಗಿ ಹೋಗುತ್ತೇನೆ, ನಾನು ವಾಸ್ಕೋಗೆ ಬಂದಿದ್ದೇ ನಿನ್ನ ಅವ್ವನಿಗೆ ಗೊತ್ತಾಗುವುದಿಲ್ಲ.